ಸಮುದ್ರದ ನೀರು ನಮ್ಮೂರಿಗೆ ಬರುತ್ತದೆಯೇ?



2016ನೇ ಇಸವಿಯ ಬೇಸಿಗೆ ನಿಮಗೆ ನೆನಪಿರಬಹುದು. ಆ ವರ್ಷ ಲಾತೂರು ಪಟ್ಟಣಕ್ಕೆ ರೈಲಿನಲ್ಲಿ ನೀರು ಬಂತು. ಲಾತೂರು ನಮಗೆ ಬಹಳ ದೂರದ ಊರಲ್ಲ. ಆಳಂದ ದಾಟಿ, ಉಮರ್ಗಾ ದಾಟಿ ಮುಂದೆ ಹೋದರೆ ಲಾತೂರು. ಆ ಪಟ್ಟಣಕ್ಕೆ ನೀರು ಕೊಡುವ ಮಾಂಜ್ರಾ ಡ್ಯಾಮು ಬತ್ತಿ ಹೋಗಿತ್ತು. ಏಪ್ರಿಲ್ ತಿಂಗಳಲ್ಲಿ ಮಿರಜದಿಂದ ನೀರಿನ ರೈಲು ಹೊರಟಿತು. ಸುಮಾರು 340 ಕಿಲೋಮೀಟರ್ ದಾರಿ. ಮೊದಲ ರೈಲಿಗೆ 10 ಡಬ್ಬಿ. ಅದರಲ್ಲಿ ಸುಮಾರು 5 ಲಕ್ಷ ಲೀಟರ್ ನೀರು. ಮುಂದೆ 50 ಡಬ್ಬಿಗಳ ರೈಲು ಬಂತು. ಅದರಲ್ಲಿ ಸುಮಾರು 25 ಲಕ್ಷ ಲೀಟರ್. ಮಳೆಗಾಲ ಬಂದ ಮೇಲೂ ಕೆಲವು ವಾರ ಆ ರೈಲು ಓಡಿತು.

ಬರ ಬಂದಾಗಲೆಲ್ಲ ನಮ್ಮ ಸೀಮೆಯಲ್ಲಿ ಒಂದು ಮಾತು ಏಳುತ್ತದೆ. ಕಲಿಕಾ ಕೇಂದ್ರದಲ್ಲಿಯೂ ಕೇಳುತ್ತಾರೆ.

“ಗುರುಗಳೇ, ಸಮುದ್ರದಾಗ ಅಷ್ಟೊಂದು ನೀರ ಅದ ಅಂತಾರ. ಅದು ಎಂದೂ ಬತ್ತಂಗಿಲ್ಲ. ಅದನ್ನೇ ಸಿಹಿ ಮಾಡಿ ನಮ್ಮೂರಿಗಿ ಯಾಕ ತರಬಾರ್ದ್ರಿ?”

ಒಳ್ಳೆಯ ಪ್ರಶ್ನೆ. ಇದಕ್ಕೆ ಹೌದು ಎಂದೋ ಇಲ್ಲ ಎಂದೋ ಒಂದೇ ಮಾತಿನಲ್ಲಿ ಹೇಳಿದರೆ ಸಾಲದು. ಸಮುದ್ರದ ನೀರನ್ನು ಸಿಹಿ ಮಾಡುವುದು ಹೇಗೆ? ಅದಕ್ಕೆ ಏನೇನು ಬೇಕು? ಯಾರು ಮಾಡಿದ್ದಾರೆ? ನಮಗೆ ಅದರಿಂದ ಏನು ಪ್ರಯೋಜನ? ಒಂದೊಂದಾಗಿ ತಿಳಿಯೋಣ.

ಸಮುದ್ರದ ನೀರು ಯಾಕೆ ಕುಡಿಯಲು ಬರುವುದಿಲ್ಲ?

ಭೂಮಿಯ ಮೇಲಿನ ಎಲ್ಲ ನೀರನ್ನು 100 ಕೊಡಗಳಲ್ಲಿ ತುಂಬಿದೆವು ಎಂದುಕೊಳ್ಳಿ. ಅದರಲ್ಲಿ ಸುಮಾರು 97 ಕೊಡ ಸಮುದ್ರದ ಉಪ್ಪುನೀರು. ಉಳಿದದ್ದು ಮೂರೇ ಕೊಡ. ಅದರಲ್ಲಿಯೂ ಹೆಚ್ಚಿನ ಪಾಲು ಹಿಮವಾಗಿ ಗಡ್ಡೆ ಕಟ್ಟಿದೆ. ಹೊಳೆ, ಕೆರೆ, ಬಾವಿಗಳಲ್ಲಿ ನಮ್ಮ ಕೈಗೆ ಸಿಗುವುದು ಬಹಳ ಕಡಿಮೆ.

ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. 15 ಲೀಟರಿನ ಒಂದು ಕೊಡ ತುಂಬಿದರೆ ಅದರಲ್ಲಿ ಅರ್ಧ ಕಿಲೋಗಿಂತ ಹೆಚ್ಚು ಉಪ್ಪು! ಅಂಥ ನೀರು ಕುಡಿದರೆ ನೀರಡಿಕೆ ಹೋಗುವುದಿಲ್ಲ, ಇನ್ನೂ ಹೆಚ್ಚುತ್ತದೆ. ಹೊಟ್ಟೆಗೆ ಹೋದ ಉಪ್ಪನ್ನು ಮೂತ್ರಪಿಂಡಗಳು ಹೊರಗೆ ಹಾಕಬೇಕು. ಅದಕ್ಕೆ ಮೈಯೊಳಗಿನ ಒಳ್ಳೆಯ ನೀರು ಖರ್ಚಾಗುತ್ತದೆ. ಕುಡಿದದ್ದಕ್ಕಿಂತ ಕಳೆದುಕೊಂಡದ್ದೇ ಹೆಚ್ಚಾಗುತ್ತದೆ. ಹೊಲಕ್ಕೆ ಹಾಯಿಸಿದರೆ ಬೆಳೆಯೂ ಒಣಗುತ್ತದೆ.

ಕುಡಿಯುವ ನೀರಿನಲ್ಲಿ ಎಷ್ಟು ಉಪ್ಪು ಇರಬಹುದು ಎಂಬುದಕ್ಕೆ ನಮ್ಮ ದೇಶದಲ್ಲಿ ಒಂದು ಅಳತೆ ಇದೆ. ನೀರಿನಲ್ಲಿ ಕರಗಿದ ಎಲ್ಲ ಉಪ್ಪುಗಳ ಲೆಕ್ಕಕ್ಕೆ ಟಿ.ಡಿ.ಎಸ್. ಎನ್ನುತ್ತಾರೆ. ಒಂದು ಲೀಟರಿನಲ್ಲಿ 500 ಮಿಲಿಗ್ರಾಂ, ಅಂದರೆ ಅರ್ಧ ಗ್ರಾಂ ಇದ್ದರೆ ಒಳ್ಳೆಯದು. ಬೇರೆ ನೀರು ಸಿಗುವುದೇ ಇಲ್ಲ ಎಂದಾಗ 2000 ಮಿಲಿಗ್ರಾಂವರೆಗೆ ನಡೆಯುತ್ತದೆ. ಸಮುದ್ರದ ನೀರಿನಲ್ಲಿರುವುದು ಸುಮಾರು 35,000 ಮಿಲಿಗ್ರಾಂ.

ಉಪ್ಪು ತೆಗೆಯುವುದು ಹೇಗೆ?

ಒಂದು ಲೋಟ ನೀರಿಗೆ ಒಂದು ಚಮಚ ಉಪ್ಪು ಹಾಕಿ ಕಲಸಿರಿ. ಆಮೇಲೆ ಆ ನೀರನ್ನು ಬಟ್ಟೆಯಲ್ಲಿ ಸೋಸಿರಿ. ರುಚಿ ನೋಡಿರಿ. ಉಪ್ಪು ಹಾಗೆಯೇ ಇರುತ್ತದೆ. ಕಸ, ಮಣ್ಣು ಬಟ್ಟೆಗೆ ಸಿಗುತ್ತವೆ. ಕರಗಿದ ಉಪ್ಪು ಬಟ್ಟೆಗೆ ಸಿಗುವುದಿಲ್ಲ. ನೀರನ್ನು ಕುದಿಸಿದರೆ ರೋಗದ ಕ್ರಿಮಿಗಳು ಸಾಯುತ್ತವೆ. ಆದರೆ ಉಪ್ಪು ಹೋಗುವುದಿಲ್ಲ. ನೀರು ಆವಿಯಾಗಿ ಹೋಗುತ್ತದೆ, ಪಾತ್ರೆಯಲ್ಲಿ ಉಳಿದ ನೀರಿಗೆ ಉಪ್ಪು ಇನ್ನೂ ಹೆಚ್ಚುತ್ತದೆ.

ಹಾಗಾದರೆ ದಾರಿ ಏನು? ಮುಖ್ಯವಾಗಿ ಎರಡು ದಾರಿಗಳಿವೆ.

ಒಂದನೆಯದು, ಆವಿ ಹಿಡಿಯುವ ದಾರಿ. ಬೇಳೆ ಕುದಿಯುವಾಗ ಪಾತ್ರೆಯ ಮುಚ್ಚಳ ತೆಗೆದು ನೋಡಿದ್ದೀರಲ್ಲ? ಮುಚ್ಚಳದ ಒಳಗೆ ನೀರ ಹನಿ ಕೂತಿರುತ್ತವೆ. ಪಾತ್ರೆಯಲ್ಲಿ ಉಪ್ಪು, ಖಾರ ಎಷ್ಟೇ ಇರಲಿ, ಆ ಹನಿ ಸಪ್ಪಗಿರುತ್ತದೆ. ಆವಿಯ ಜೊತೆ ಉಪ್ಪು ಏಳುವುದಿಲ್ಲ. ಸಮುದ್ರದ ನೀರನ್ನು ಹೀಗೆಯೇ ಆವಿ ಮಾಡಿ, ತಣ್ಣಗೆ ಮಾಡಿ, ಹನಿಗಳನ್ನು ಕೂಡಿಸಿದರೆ ಸಿಹಿ ನೀರು.

ಎರಡನೆಯದು, ಪೊರೆಯ ದಾರಿ. ಇದನ್ನು ತಿಳಿಯಲು ಮಾವಿನ ಉಪ್ಪಿನಕಾಯಿ ನೆನಪು ಮಾಡಿಕೊಳ್ಳಿ. ಹೆಚ್ಚಿದ ಮಾವಿನ ಹೋಳಿಗೆ ಉಪ್ಪು ಹಾಕಿ ಇಡುತ್ತೇವೆ. ಮರುದಿನ ನೋಡಿದರೆ ಭರಣಿಯಲ್ಲಿ ನೀರು ಬಿಟ್ಟಿರುತ್ತದೆ. ಆ ನೀರನ್ನು ನಾವು ಹಾಕಿರಲಿಲ್ಲ. ಹೋಳಿನ ಒಳಗಿನ ನೀರು ಹೊರಗಿನ ಉಪ್ಪಿನ ಕಡೆಗೆ ತಾನಾಗಿ ಹೊರಟು ಬಂತು. ಉಪ್ಪು ಹೆಚ್ಚು ಇದ್ದ ಕಡೆಗೆ ನೀರು ಹೋಗುವುದು ಸಹಜ ಗುಣ.

ಯಂತ್ರದಲ್ಲಿ ಇದನ್ನು ಉಲ್ಟಾ ಮಾಡುತ್ತಾರೆ. ಒಂದು ತೆಳುವಾದ ಪೊರೆ ಇರುತ್ತದೆ. ಅದರ ಒಂದು ಕಡೆ ಉಪ್ಪು ನೀರು. ಪಂಪಿನಿಂದ ಆ ನೀರನ್ನು ಜೋರಾಗಿ ಒತ್ತುತ್ತಾರೆ. ನೀರು ಪೊರೆಯನ್ನು ದಾಟಿ ಆಚೆ ಬರುತ್ತದೆ. ಉಪ್ಪು ಹಿಂದೆ ಉಳಿಯುತ್ತದೆ. ಇದಕ್ಕೆ ಆರ್.ಓ. ಎನ್ನುತ್ತಾರೆ. ಪೊರೆಗೆ ಮೆಕ್ಯಾನಿಕ್ಕರು ಮೆಂಬ್ರೇನ್ ಎನ್ನುತ್ತಾರೆ.

ಎಷ್ಟು ಜೋರಾಗಿ ಒತ್ತಬೇಕು? ಲಾರಿಯ ಟಯರಿನಲ್ಲಿ ಗಾಳಿ ಎಷ್ಟು ಬಿಗಿಯಾಗಿ ಇರುತ್ತದೆ ನೀವು ಬಲ್ಲಿರಿ. ಸಮುದ್ರದ ನೀರಿಗೆ ಅದರ ಏಳೆಂಟು ಪಟ್ಟು ಒತ್ತಡ ಬೇಕು. ಇಷ್ಟು ಒತ್ತಡ ಹಾಕುವುದು ದೊಡ್ಡ ದೊಡ್ಡ ಪಂಪು. ಅದಕ್ಕೆ ಹಗಲು ರಾತ್ರಿ ಕರೆಂಟು ಬೇಕು.

ಈ ಕೆಲಸಕ್ಕೆ ತಕ್ಕ ಪೊರೆಯನ್ನು 1960ರ ಸುಮಾರಿಗೆ ಅಮೆರಿಕದಲ್ಲಿ ಇಬ್ಬರು ವಿಜ್ಞಾನಿಗಳು ತಯಾರಿಸಿದರು. ಒಬ್ಬರು ಸಿಡ್ನಿ ಲೋಬ್. ಇನ್ನೊಬ್ಬರು ನಮ್ಮ ದೇಶದಿಂದ ಹೋಗಿದ್ದ ಶ್ರೀನಿವಾಸ ಸೌರಿರಾಜನ್.

ಎಲ್ಲೆಲ್ಲಿ ಮಾಡಿದ್ದಾರೆ?

ಪೇಪರಿನಲ್ಲಿ ಇಂಥ ಕಾರ್ಖಾನೆಗೆ ‘ನಿರ್ಲವಣೀಕರಣ ಘಟಕ’ ಎಂದು ಬರೆಯುತ್ತಾರೆ. ಲವಣ ಅಂದರೆ ಉಪ್ಪು. ಉಪ್ಪು ತೆಗೆಯುವ ಘಟಕ ಎಂದೇ ಅದರ ಅರ್ಥ. ನಮ್ಮ ದೇಶದ ಮೂರು ಉದಾಹರಣೆ ನೋಡೋಣ.

ಲಕ್ಷದ್ವೀಪದಲ್ಲಿ ಕವರತ್ತಿ ಎಂಬ ಸಣ್ಣ ದ್ವೀಪ ಇದೆ. ಸುತ್ತಲೂ ಸಮುದ್ರ. ಹೊಳೆ ಇಲ್ಲ, ಹಳ್ಳ ಇಲ್ಲ. ನೆಲದಲ್ಲಿ ಸಿಹಿ ನೀರು ಬಹಳ ಸ್ವಲ್ಪ. 2005ರಲ್ಲಿ ಅಲ್ಲಿ ಆವಿ ಹಿಡಿಯುವ ಘಟಕ ಶುರುವಾಯಿತು. ದಿನಕ್ಕೆ ಒಂದು ಲಕ್ಷ ಲೀಟರ್ ನೀರು ಕೊಡಬಲ್ಲದು. ಚೆನ್ನೈಯಲ್ಲಿರುವ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು ಕಟ್ಟಿದರು. ಅಲ್ಲಿ ಕಟ್ಟಿಗೆ, ಎಣ್ಣೆ ಸುಟ್ಟು ನೀರು ಕುದಿಸುವುದಿಲ್ಲ. ಸಮುದ್ರದ ಮೇಲಿನ ನೀರು ಬೆಚ್ಚಗಿರುತ್ತದೆ. ಅದನ್ನು ಗಾಳಿ ತೆಗೆದ ದೊಡ್ಡ ಡಬ್ಬಿಯೊಳಗೆ ಬಿಡುತ್ತಾರೆ. ಗಾಳಿಯ ಒತ್ತಡ ಕಡಿಮೆ ಇದ್ದಲ್ಲಿ ನೀರು ಬೇಗ ಆವಿಯಾಗುತ್ತದೆ. ಆ ಆವಿಯನ್ನು ತಣ್ಣಗೆ ಮಾಡಲು ಸಮುದ್ರದ 350 ಮೀಟರ್ ಆಳದಿಂದ ತಣ್ಣೀರು ಎಳೆಯುತ್ತಾರೆ. ದ್ವೀಪದ ಬಳಿಯಲ್ಲಿಯೇ ಸಮುದ್ರ ಅಷ್ಟು ಆಳ ಇರುವುದರಿಂದ ಇದು ಸಾಧ್ಯವಾಯಿತು. ಜಾಗ ನೋಡಿ ದಾರಿ ಆರಿಸಿಕೊಂಡರು.

ಎರಡನೆಯದು ಚೆನ್ನೈ ಶಹರ. 2010ರಲ್ಲಿ ಮಿಂಜೂರಿನಲ್ಲಿ, 2013ರಲ್ಲಿ ನೆಮ್ಮೇಲಿಯಲ್ಲಿ ಪೊರೆಯ ಘಟಕಗಳು ಶುರುವಾದವು. ಒಂದೊಂದೂ ದಿನಕ್ಕೆ 10 ಕೋಟಿ ಲೀಟರಿನದು. 2019ರ ಬೇಸಿಗೆಯಲ್ಲಿ ಚೆನ್ನೈಗೆ ನೀರು ಕೊಡುವ ಕೆರೆಗಳು ಬತ್ತಿದವು. ಜನ ಕೊಡ ಹಿಡಿದು ಟ್ಯಾಂಕರಿನ ಮುಂದೆ ಸಾಲು ನಿಂತರು. ಆಗ ಈ ಎರಡು ಘಟಕಗಳು ಆಸರೆಯಾದವು. ಆದರೆ ಅಷ್ಟು ದೊಡ್ಡ ಶಹರಕ್ಕೆ ಅವೆರಡೇ ಸಾಲಲಿಲ್ಲ. 2024ರಲ್ಲಿ ನೆಮ್ಮೇಲಿಯಲ್ಲಿಯೇ 15 ಕೋಟಿ ಲೀಟರಿನ ಇನ್ನೊಂದು ಘಟಕ ಶುರುವಾಯಿತು.

ಮೂರನೆಯದು ನಮ್ಮ ಕರ್ನಾಟಕದ ಮಂಗಳೂರು. ಅಲ್ಲಿನ ಎಂ.ಆರ್.ಪಿ.ಎಲ್. ಎಂಬ ಎಣ್ಣೆ ಕಾರ್ಖಾನೆ ನೇತ್ರಾವತಿ ನದಿಯ ನೀರನ್ನು ಬಳಸುತ್ತಿತ್ತು. 2016 ಮತ್ತು 2019ರ ಬೇಸಿಗೆಯಲ್ಲಿ ನದಿ ಸೊರಗಿತು. ನೀರಿಲ್ಲದೆ ಕಾರ್ಖಾನೆಯ ಕೆಲವು ಭಾಗ ನಿಲ್ಲಿಸಬೇಕಾಯಿತು. ಆಮೇಲೆ ಆ ಕಾರ್ಖಾನೆ ತಣ್ಣೀರುಬಾವಿ ಎಂಬಲ್ಲಿ ಸಮುದ್ರದ ನೀರು ಸಿಹಿ ಮಾಡುವ ಘಟಕ ಕಟ್ಟಿತು. 2022ರ ಸೆಪ್ಟೆಂಬರಿನಲ್ಲಿ ಅದರ ಉದ್ಘಾಟನೆ ಆಯಿತು. ದಿನಕ್ಕೆ 3 ಕೋಟಿ ಲೀಟರ್. ಖರ್ಚು ಸುಮಾರು 680 ಕೋಟಿ ರೂಪಾಯಿ. ಈ ನೀರು ಕಾರ್ಖಾನೆಯ ಕೆಲಸಕ್ಕೆ. ಕಾರ್ಖಾನೆ ಸಮುದ್ರದ ನೀರು ಬಳಸಿದಷ್ಟೂ ನದಿಯ ನೀರು ಜನರಿಗೆ ಉಳಿಯುತ್ತದೆ.

ಇಂಥ ಘಟಕಕ್ಕೆ ಏನೇನು ಯೋಚನೆ ಬೇಕು?

ಮನೆ ಕಟ್ಟುವ ಮೊದಲು ಜಾಗ, ಕಲ್ಲು, ಮರ, ದುಡ್ಡು ಎಲ್ಲ ಲೆಕ್ಕ ಹಾಕುತ್ತೇವೆ. ಇದಕ್ಕೂ ಹಾಗೆಯೇ.

ಕರೆಂಟು: ಸಮುದ್ರದ 1000 ಲೀಟರ್ ನೀರು ಸಿಹಿ ಮಾಡಲು ಸುಮಾರು 3ರಿಂದ 4 ಯುನಿಟ್ ಕರೆಂಟು ಬೇಕು. ದಿನಕ್ಕೆ 10 ಕೋಟಿ ಲೀಟರ್ ಅಂದರೆ 3 ಲಕ್ಷದಿಂದ 4 ಲಕ್ಷ ಯುನಿಟ್. ಅದೂ ಒಂದೇ ದಿನಕ್ಕೆ!

ಉಳಿದ ನೀರು: ಸಮುದ್ರದ ನೀರು 100 ಕೊಡ ಹಾಕಿದರೆ ಸಿಹಿ ನೀರು ಬರುವುದು 40–45 ಕೊಡ ಮಾತ್ರ. ಉಳಿದ 55–60 ಕೊಡದಲ್ಲಿ ಎಲ್ಲ ಉಪ್ಪೂ ಕೂಡಿಕೊಂಡಿರುತ್ತದೆ. ಅದರ ಉಪ್ಪು ಮೊದಲಿಗಿಂತ ಸುಮಾರು ಎರಡು ಪಟ್ಟು. ಅದನ್ನು ಸಮುದ್ರಕ್ಕೇ ಬಿಡುತ್ತಾರೆ. ದಡದ ಹತ್ತಿರ ಒಂದೇ ಕಡೆ ಸುರಿದರೆ ಮೀನು, ಸಿಗಡಿಗೆ ತೊಂದರೆ. ಮೀನು ಹಿಡಿದು ಬಾಳುವವರ ಹೊಟ್ಟೆಯ ಮೇಲೆ ಹೊಡೆದಂತೆ. ಅದಕ್ಕಾಗಿ ಪೈಪನ್ನು ದೂರ ಒಯ್ದು, ನೀರು ಚೆನ್ನಾಗಿ ಬೆರೆಯುವ ಕಡೆ ಬಿಡಬೇಕು. ಇದನ್ನು ಮೊದಲೇ ಅಳೆದು ನೋಡಬೇಕು.

ಹಣ ಮತ್ತು ಸಮಯ: ಇಂಥ ಘಟಕ ಒಂದೆರಡು ತಿಂಗಳಲ್ಲಿ ಏಳುವುದಿಲ್ಲ. ಆಸ್ಟ್ರೇಲಿಯಾ ದೇಶದ ಮೆಲ್ಬರ್ನ್ ಶಹರದ ಕಥೆ ಕೇಳಿ. ಅಲ್ಲಿ ವರ್ಷಗಟ್ಟಲೆ ಬರ ಬಿತ್ತು. ಹೆದರಿದ ಸರ್ಕಾರ 2007ರಲ್ಲಿ ದೊಡ್ಡ ಘಟಕ ಕಟ್ಟುವ ತೀರ್ಮಾನ ಮಾಡಿತು. ಕಟ್ಟಿ ಮುಗಿದದ್ದು 2012ರ ಕೊನೆಗೆ. ಅಷ್ಟರಲ್ಲಿ ಚೆನ್ನಾಗಿ ಮಳೆ ಬಂದು ಡ್ಯಾಮುಗಳಿಗೆ ನೀರು ಬಂದಿತ್ತು. ಜನರಿಗೆ ಆ ಘಟಕದ ನೀರು ಮೊದಲು ಹೋದದ್ದು 2017ರಲ್ಲಿ. ನಡುವಿನ ವರ್ಷಗಳಲ್ಲಿ ಒಂದು ಹನಿ ಬಳಸದಿದ್ದರೂ ಕರಾರಿನಂತೆ ಹಣ ಕಟ್ಟಬೇಕಾಯಿತು.

ಘಟಕ ಕಟ್ಟಿದ್ದೇ ತಪ್ಪು ಎಂದು ಕೆಲವರು ಅಂದರು. ಮತ್ತೆ ಬರ ಬಂದೀತು, ಆಗ ಬೇಕಾಗುತ್ತದೆ ಎಂದು ಇನ್ನು ಕೆಲವರು ಅಂದರು. ಎರಡೂ ಮಾತಿನಲ್ಲಿ ಹುರುಳಿದೆ. ನಾವು ಕಲಿಯಬೇಕಾದದ್ದು ಇಷ್ಟು. ಬರದ ಯೋಜನೆಯನ್ನು ಮಳೆ ಚೆನ್ನಾಗಿ ಬಂದ ವರ್ಷವೇ ಮಾಡಬೇಕು. ಮಳೆ ಬಂದ ವರ್ಷ ಯಂತ್ರದ ಖರ್ಚು ಯಾರು ಹೊರುತ್ತಾರೆ ಎಂಬುದನ್ನೂ ಮೊದಲೇ ಗೊತ್ತು ಮಾಡಬೇಕು.

ನಮ್ಮೂರಿಗೆ ಪೈಪು ಹಾಕಿದರೆ?

ಈಗ ಮೊದಲ ಪ್ರಶ್ನೆಗೆ ಬರೋಣ. ಮಾದನಹಿಪ್ಪರಗಾದಿಂದ ಸಮುದ್ರದ ದಂಡೆ 300 ಕಿಲೋಮೀಟರಿಗೂ ಹೆಚ್ಚು ದೂರ. ಅಫಜಲಪುರ, ಜೇವರ್ಗಿಯವರಿಗೂ ಅಷ್ಟೇ. ದೂರ ಒಂದೇ ತೊಂದರೆ ಅಲ್ಲ. ನಮ್ಮ ಕಲಬುರಗಿ ಸೀಮೆ ಸಮುದ್ರಕ್ಕಿಂತ ಸುಮಾರು 400 ಮೀಟರ್ ಎತ್ತರದಲ್ಲಿದೆ. ನಡುವೆ ಸಹ್ಯಾದ್ರಿ ಬೆಟ್ಟ ಅದಕ್ಕಿಂತ ಎತ್ತರ. ನೀರು ಮೊದಲು ಬೆಟ್ಟ ಹತ್ತಬೇಕು.

ಬಾವಿಯಿಂದ ಒಂದು ಕೊಡ ನೀರು ಸೇದಿದವರಿಗೆ ಅದರ ಭಾರ ಗೊತ್ತು. 1000 ಲೀಟರ್ ಅಂದರೆ 1000 ಕಿಲೋ. ಅದನ್ನು 400 ಮೀಟರ್ ಎತ್ತಲು ಕಡಿಮೆ ಅಂದರೂ ಒಂದು ಯುನಿಟ್ ಕರೆಂಟು ಬೇಕು. ಪಂಪಿನಲ್ಲಿ, ಉದ್ದ ಪೈಪಿನಲ್ಲಿ ಆಗುವ ನಷ್ಟ ಬೇರೆ. ಸಿಹಿ ಮಾಡುವ ಖರ್ಚಿನ ಮೇಲೆ ತರುವ ಖರ್ಚು. ಪೈಪು ಒಡೆದರೆ ರಿಪೇರಿ ಖರ್ಚು.

ಆದ್ದರಿಂದ ಸಮುದ್ರದ ನೀರು ದಂಡೆಯ ಊರುಗಳಿಗೆ ಸರಿ. ದ್ವೀಪಗಳಿಗೆ ಸರಿ. ನಮ್ಮ ಊರುಗಳಿಗೆ ಅದು ದಾರಿಯಲ್ಲ.

ಹಾಗೆಂದು ಈ ವಿದ್ಯೆ ನಮಗೆ ಬೇಡವೇ? ಬೇಕು. ಯಾಕೆಂದರೆ ಅದೇ ಯಂತ್ರ ಸಣ್ಣ ರೂಪದಲ್ಲಿ ಈಗಾಗಲೇ ನಮ್ಮ ಊರುಗಳಿಗೆ ಬಂದಿದೆ.

ಊರ ಮಧ್ಯದ ಸಣ್ಣ ಯಂತ್ರ

ಐದು ರೂಪಾಯಿ ಕಾಯಿನ್ ಹಾಕಿ ಕ್ಯಾನಿಗೆ ನೀರು ಹಿಡಿಯುವ ಕೋಣೆ ನೋಡಿದ್ದೀರಲ್ಲ? ಅದರ ಮೇಲೆ ‘ಶುದ್ಧ ಕುಡಿಯುವ ನೀರಿನ ಘಟಕ’ ಎಂದು ಬರೆದಿರುತ್ತದೆ. ಕರ್ನಾಟಕದ ಹಳ್ಳಿಗಳಲ್ಲಿ ಇಂಥ ಸಾವಿರಾರು ಘಟಕಗಳಿವೆ. ಚೆನ್ನೈಯ ದೊಡ್ಡ ಘಟಕದಲ್ಲಿರುವುದೂ ಪೊರೆಯೇ, ಇದರಲ್ಲಿರುವುದೂ ಪೊರೆಯೇ. ಅಲ್ಲಿ ಸಮುದ್ರದ ನೀರು. ಇಲ್ಲಿ ಬೋರಿನ ಸವುಳು ನೀರು. ಬೋರಿನ ನೀರಿನಲ್ಲಿ ಉಪ್ಪು ಬಹಳ ಕಡಿಮೆ ಇರುವುದರಿಂದ ಒತ್ತಡವೂ ಕಡಿಮೆ ಸಾಕು, ಕರೆಂಟೂ ಕಡಿಮೆ ಸಾಕು.

ಊರಿನ ಜನರಿಗಾಗಿ ಆರ್.ಓ. ಯಂತ್ರ ಮೊದಲು ನಡೆದದ್ದು ಅಮೆರಿಕದ ಕೋಲಿಂಗಾ ಎಂಬ ಸಣ್ಣ ಊರಿನಲ್ಲಿ, 1965ರಲ್ಲಿ. ಅಲ್ಲಿಯೂ ಸಿಹಿ ಮಾಡಿದ್ದು ನೆಲದಡಿಯ ಸವುಳು ನೀರನ್ನೇ. ಒಂದು ಕಾಲದಲ್ಲಿ ಆ ಊರಿಗೂ ಕುಡಿಯುವ ನೀರು ರೈಲಿನಲ್ಲಿ ಬರುತ್ತಿತ್ತು, ನಮ್ಮ ಲಾತೂರಿಗೆ ಬಂದ ಹಾಗೆ.

ನಮ್ಮ ಜಿಲ್ಲೆಯ ಕೆಲವು ಊರುಗಳ ಬೋರಿನಲ್ಲಿ ಸವುಳು ಅಷ್ಟೇ ಅಲ್ಲ, ಫ್ಲೋರೈಡ್ ಎಂಬ ಲವಣವೂ ಇರುತ್ತದೆ. ಒಂದು ಲೀಟರಿನಲ್ಲಿ ಅದು 1 ಮಿಲಿಗ್ರಾಂ ಮೀರಬಾರದು. ಬೇರೆ ನೀರಿಲ್ಲದಾಗ ಒಂದೂವರೆ ಮಿಲಿಗ್ರಾಂವರೆಗೆ ನಡೆಯುತ್ತದೆ. ಹೆಚ್ಚಾದರೆ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಬೀಳುತ್ತದೆ. ಬಹಳ ವರ್ಷ ಕುಡಿದರೆ ಎಲುಬು, ಕೀಲು ಬಿಗಿಯುತ್ತವೆ. ಇದಕ್ಕೆ ರುಚಿ ಇಲ್ಲ, ಬಣ್ಣ ಇಲ್ಲ. ನಾಲಿಗೆಗೆ ಗೊತ್ತಾಗುವುದಿಲ್ಲ. ಪರೀಕ್ಷೆ ಮಾಡಿಸಿದರೆ ಮಾತ್ರ ಗೊತ್ತಾಗುತ್ತದೆ. ಅಂಥ ಊರಿಗೆ ಈ ಯಂತ್ರ ದೊಡ್ಡ ಉಪಕಾರ.

ಆದರೆ ಎಷ್ಟೋ ಕಡೆ ಈ ಕೋಣೆಗೆ ಬೀಗ ಬಿದ್ದಿರುತ್ತದೆ. ಉದ್ಘಾಟನೆಯ ದಿನ ಹಾರ, ತೆಂಗಿನಕಾಯಿ. ಕೆಲವು ತಿಂಗಳು ನೀರು ಬರುತ್ತದೆ. ಆಮೇಲೆ ಪಂಪು ಸುಡುತ್ತದೆ, ಇಲ್ಲವೇ ಪೊರೆ ಕಟ್ಟಿಕೊಳ್ಳುತ್ತದೆ. “ಯಾರು ರಿಪೇರಿ ಮಾಡಬೇಕು?” ಎಂದು ಕೇಳಿದರೆ ಅವರು ಇವರ ಮೇಲೆ, ಇವರು ಅವರ ಮೇಲೆ. ಅಷ್ಟರಲ್ಲಿ ಹೆಣ್ಣುಮಕ್ಕಳು ಮತ್ತೆ ಕೊಡ ಹೊತ್ತು ದೂರದ ಹೊಲದ ಬಾವಿಗೆ ನಡೆಯುತ್ತಾರೆ. ಶಾಲೆಗೆ ಹೋಗುವ ಹುಡುಗಿ ಮನೆಯಲ್ಲಿ ಉಳಿಯುತ್ತಾಳೆ.

ಯಂತ್ರ ಕೆಟ್ಟಿದ್ದಕ್ಕಿಂತ ಮೊದಲೇ ಯೋಜನೆ ಕೆಟ್ಟಿರುತ್ತದೆ.

ಯಂತ್ರ ಬರುವ ಮೊದಲು ಕೇಳಬೇಕಾದ ಆರು ಪ್ರಶ್ನೆ

ಗ್ರಾಮಸಭೆಯಲ್ಲಿ ಎದ್ದು ನಿಂತು ಈ ಪ್ರಶ್ನೆಗಳನ್ನು ಕೇಳಿರಿ. ಈಗಾಗಲೇ ಯಂತ್ರ ಇದ್ದರೂ ಕೇಳಿರಿ.

1. ನಮ್ಮ ನೀರಿನಲ್ಲಿ ಏನಿದೆ?
ಮೊದಲು ಪರೀಕ್ಷೆ. ಟಿ.ಡಿ.ಎಸ್. 500ಕ್ಕಿಂತ ಕಡಿಮೆ ಇದ್ದು, ಫ್ಲೋರೈಡ್, ನೈಟ್ರೇಟ್ ಇಲ್ಲದಿದ್ದರೆ ಆರ್.ಓ. ಬೇಕಾಗುವುದೇ ಇಲ್ಲ. ಟ್ಯಾಂಕು ತೊಳೆದು, ಕ್ಲೋರಿನ್ ಹಾಕಿದರೆ ಸಾಕು. 2019ರಲ್ಲಿ ಶುರುವಾದ ಜಲಜೀವನ ಮಿಷನ್ ಯೋಜನೆಯಲ್ಲಿ ಪ್ರತಿ ಊರಿನ ಐದು ಮಹಿಳೆಯರಿಗೆ ನೀರು ಪರೀಕ್ಷೆ ಕಲಿಸಬೇಕು ಎಂದಿದೆ. ನಿಮ್ಮೂರಲ್ಲಿ ಆ ಐವರು ಯಾರು? ಪರೀಕ್ಷೆಯ ಪೆಟ್ಟಿಗೆ ಎಲ್ಲಿದೆ? ಕೇಳಿರಿ. ನೀವೇ ಕಲಿಯಲು ಮುಂದೆ ಬನ್ನಿರಿ.

2. ಬೇಸಿಗೆಯಲ್ಲಿ ಬೋರಿನಲ್ಲಿ ನೀರು ಇರುತ್ತದೆಯೇ?
ಇದು ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಸಮುದ್ರ ಬತ್ತುವುದಿಲ್ಲ. ಅದಕ್ಕೇ ಚೆನ್ನೈಯ ಘಟಕಕ್ಕೆ ಬರದ ಭಯ ಇಲ್ಲ. ನಮ್ಮ ಬೋರು ಬತ್ತುತ್ತದೆ. ಆಳಂದದ ಕಡೆ ನೆಲದಡಿ ಕರಿಕಲ್ಲು. ಕಲ್ಲಿನ ಬಿರುಕಿನಲ್ಲಿ ಇದ್ದಷ್ಟೇ ನೀರು. ಯಂತ್ರ ಉಪ್ಪು ತೆಗೆಯುತ್ತದೆ, ನೀರು ಹುಟ್ಟಿಸುವುದಿಲ್ಲ. ಬೋರು ಬತ್ತಿದರೆ ಲಕ್ಷಗಟ್ಟಲೆ ಬೆಲೆಯ ಯಂತ್ರವೂ ಖಾಲಿ ಡಬ್ಬಿ.

3. ಎಷ್ಟು ನೀರು ಬೇಕು, ಎಷ್ಟು ಸಿಗುತ್ತದೆ?
ಲೆಕ್ಕ ಮಾಡೋಣ. ಒಂದು ಊರಲ್ಲಿ 3000 ಜನ ಇದ್ದಾರೆ ಎಂದುಕೊಳ್ಳಿ. ಎಲ್ಲ ಬಳಕೆಗೆ ಒಬ್ಬರಿಗೆ ದಿನಕ್ಕೆ 55 ಲೀಟರ್ ಕೊಡಬೇಕು ಎಂದು ಜಲಜೀವನ ಮಿಷನ್ ಹೇಳುತ್ತದೆ. ಒಟ್ಟು 1,65,000 ಲೀಟರ್. ಗಂಟೆಗೆ 1000 ಲೀಟರ್ ಕೊಡುವ ಘಟಕ 10 ಗಂಟೆ ನಡೆದರೆ 10,000 ಲೀಟರ್. ಒಬ್ಬರಿಗೆ ಮೂರು ಲೀಟರಿನ ಮೇಲೆ ಸ್ವಲ್ಪ. ಕುಡಿಯಲು ಅಷ್ಟಕ್ಕಷ್ಟೇ. ಕರೆಂಟು ನಾಲ್ಕು ಗಂಟೆ ಹೋದರೆ ಒಬ್ಬರಿಗೆ ಎರಡೇ ಲೀಟರ್. ಆದ್ದರಿಂದ ಈ ನೀರು ಕುಡಿಯಲು ಮಾತ್ರ. ಸ್ನಾನ, ಬಟ್ಟೆ, ದನಕ್ಕೆ ಬೇರೆ ನೀರು ಬೇಕೇ ಬೇಕು. ತುಂಬಿಡಲು ದೊಡ್ಡ ಟ್ಯಾಂಕು ಇದ್ದರೆ ಕರೆಂಟು ಹೋದ ದಿನವೂ ನಡೆಯುತ್ತದೆ.

4. ಉಳಿದ ನೀರು ಎಲ್ಲಿಗೆ ಹೋಗುತ್ತದೆ?
ಹಲವು ಘಟಕಗಳಲ್ಲಿ ಎರಡು ಕೊಡ ಹಾಕಿದರೆ ಒಂದೇ ಕೊಡ ಕುಡಿಯುವ ನೀರು ಬರುತ್ತದೆ. ಇನ್ನೊಂದು ಕೊಡ ಹೊರಗೆ ಹರಿಯುತ್ತದೆ. ಚೆನ್ನೈಯವರಿಗೆ ಸಮುದ್ರ ಇದೆ. ನಮಗೆ ಇಲ್ಲ. ರಸ್ತೆಗೆ ಬಿಟ್ಟರೆ ಕೆಸರು, ಸೊಳ್ಳೆ. ಬಾವಿಯ ಹತ್ತಿರ ಬಿಟ್ಟರೆ ಅದೇ ಉಪ್ಪು ಮತ್ತೆ ಬಾವಿಗೆ. ಬೇರೆ ಟ್ಯಾಂಕಿನಲ್ಲಿ ಕೂಡಿಸಿದರೆ ಪಾಯಖಾನೆಗೆ, ಗಾಡಿ ತೊಳೆಯಲು ಬರುತ್ತದೆ. ಅಡಿಗೆಗೆ, ದನಕ್ಕೆ ಬೇಡ.

5. ಖರ್ಚು ಯಾರದು, ಲೆಕ್ಕ ಯಾರು ಬರೆಯುತ್ತಾರೆ?
200 ಮನೆಯವರು ದಿನಕ್ಕೆ ಒಂದು ಕ್ಯಾನು ಒಯ್ದರೆ, ಕ್ಯಾನಿಗೆ 5 ರೂಪಾಯಿಯಂತೆ ದಿನಕ್ಕೆ 1000 ರೂಪಾಯಿ. ತಿಂಗಳಿಗೆ 30,000 ರೂಪಾಯಿ. ಇದು ಬರುವ ಹಣ. ಹೋಗುವ ಹಣ ಯಾವುದು? ಕರೆಂಟು ಬಿಲ್ಲು, ನೋಡಿಕೊಳ್ಳುವವರ ಪಗಾರ, ಸೋಸುವ ಫಿಲ್ಟರ್, ಪಂಪಿನ ರಿಪೇರಿ. ಕೆಲವು ವರ್ಷಕ್ಕೊಮ್ಮೆ ಹೊಸ ಪೊರೆ. ಪೊರೆಗಾಗಿ ಪ್ರತಿ ತಿಂಗಳು ಸ್ವಲ್ಪ ಹಣ ತೆಗೆದಿಡಬೇಕು. ತೆಗೆದಿಡದಿದ್ದರೆ ಪೊರೆ ಹೋದ ದಿನವೇ ಬೀಗ. ಬಂದ ಹಣ, ಹೋದ ಹಣ ಎರಡನ್ನೂ ಗೋಡೆಯ ಮೇಲೆ ಬರೆಯಲು ಹೇಳಿರಿ. ಈಗ ನಿಮಗೆ ಓದಲು ಬರುತ್ತದೆ. ಓದಿ ನೋಡಿರಿ. ತಪ್ಪಿದ್ದರೆ ಕೇಳಿರಿ.

6. ಎಲ್ಲರಿಗೂ ಸಿಗುತ್ತದೆಯೇ?
ಘಟಕ ಊರಿನ ಒಂದು ಮೂಲೆಯಲ್ಲಿ, ಯಾರದೋ ಮನೆಯ ಮುಂದೆ ಇದ್ದರೆ ಉಳಿದ ಓಣಿಯವರು ಬರಲು ಹಿಂಜರಿಯಬಹುದು. ಎಲ್ಲ ಓಣಿಯವರಿಗೂ, ಎಲ್ಲ ಜಾತಿಯವರಿಗೂ ಅಂಜಿಕೆ ಇಲ್ಲದೆ ಬರಲು ಆಗುವ ಜಾಗ ಆರಿಸಬೇಕು. ಮುದುಕರಿಗೆ, ಒಬ್ಬಂಟಿ ಹೆಣ್ಣುಮಕ್ಕಳಿಗೆ, ದಿನಾ ಐದು ರೂಪಾಯಿ ಕೊಡಲು ಆಗದವರಿಗೆ ಏನು ವ್ಯವಸ್ಥೆ? ಇದೂ ಯೋಜನೆಯ ಭಾಗವೇ.

ಈ ಆರು ಪ್ರಶ್ನೆಗೆ ಉತ್ತರ ನೋಡುವುದು ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯ ಕೆಲಸ. ಅದರಲ್ಲಿ ಅರ್ಧ ಜನ ಮಹಿಳೆಯರು ಇರಬೇಕು ಎಂಬ ಸೂಚನೆ ಇದೆ. ನೀರು ಹೊರುವವರು ಅವರೇ. ನೀರಿನ ಮಾತು ಆಡುವವರೂ ಅವರೇ ಆಗಬೇಕು.

ಸಮುದ್ರದ ನೀರು ಬರುವ ಇನ್ನೊಂದು ದಾರಿ

ಒಂದು ಮಾತು ಉಳಿದಿದೆ. ಸಮುದ್ರದ ನೀರು ನಮ್ಮೂರಿಗೆ ಬರುವುದೇ ಇಲ್ಲವೇ? ಬರುತ್ತದೆ. ಪ್ರತಿ ವರ್ಷ ಬರುತ್ತದೆ.

ಬಿಸಿಲಿಗೆ ಸಮುದ್ರದ ನೀರು ಆವಿಯಾಗಿ ಏಳುತ್ತದೆ. ಉಪ್ಪು ಸಮುದ್ರದಲ್ಲಿಯೇ ಉಳಿಯುತ್ತದೆ. ಮುಚ್ಚಳದ ಹನಿಯ ಮಾತು ನೆನಪಿದೆಯಲ್ಲ? ಆವಿ ಮೋಡವಾಗುತ್ತದೆ. ಗಾಳಿ ಆ ಮೋಡವನ್ನು ಸಹ್ಯಾದ್ರಿ ದಾಟಿಸಿ ತರುತ್ತದೆ. ಅದಕ್ಕೆ ಕರೆಂಟು ಬಿಲ್ಲು ಇಲ್ಲ, ಪೈಪು ಇಲ್ಲ. ಬೆಟ್ಟದ ಆಚೆಯೇ ಬಹಳಷ್ಟು ಮಳೆ ಸುರಿದುಬಿಡುತ್ತದೆ, ನಮಗೆ ಉಳಿದದ್ದು ಬರುತ್ತದೆ. ಆದರೂ ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ 700 ಮಿಲಿಮೀಟರಿನ ಆಸುಪಾಸು ಮಳೆ ಆಗುತ್ತದೆ. ಬರದ ವರ್ಷ ಕಡಿಮೆ.

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 50 ಚದರ ಮೀಟರಿನ ಒಂದು ಮಾಳಿಗೆಯ ಮೇಲೆ 700 ಮಿಲಿಮೀಟರ್ ಮಳೆ ಬಿದ್ದರೆ 35,000 ಲೀಟರ್. ಸೋರಿ, ಆರಿ ಹೋದದ್ದು ಬಿಟ್ಟು ಮುಕ್ಕಾಲು ಪಾಲು ಹಿಡಿದರೂ 26,000 ಲೀಟರಿಗೂ ಹೆಚ್ಚು. ಐದು ಜನರ ಮನೆಗೆ ಕುಡಿಯಲು, ಅಡಿಗೆಗೆ ಒಬ್ಬರಿಗೆ ದಿನಕ್ಕೆ 10 ಲೀಟರಿನಂತೆ ವರ್ಷಕ್ಕೆ 18,250 ಲೀಟರ್ ಬೇಕು. ಅಂದರೆ ಮಾಳಿಗೆಯ ಮೇಲೆ ಬಿದ್ದ ನೀರೇ ಸಾಕು! ಆದರೆ ಅಷ್ಟನ್ನೂ ತುಂಬಿಡುವ ಟ್ಯಾಂಕು ಎಲ್ಲರಿಗೂ ಕಟ್ಟಲು ಆಗುವುದಿಲ್ಲ. ಶಾಲೆ, ಪಂಚಾಯಿತಿ ಕಟ್ಟಡ, ಗುಡಿ, ಮಸೀದಿಯ ದೊಡ್ಡ ಮಾಳಿಗೆಗಳಿಂದ ಶುರು ಮಾಡಬಹುದು. ಟ್ಯಾಂಕಿಗೆ ಹಿಡಿಯಲು ಆಗದ ನೀರನ್ನು ಬೋರಿನ ಹತ್ತಿರ ಇಂಗುಗುಂಡಿಗೆ ಬಿಡಬಹುದು. ಹೊಲದಲ್ಲಿ ಒಡ್ಡು, ಹಳ್ಳದಲ್ಲಿ ಚೆಕ್ ಡ್ಯಾಮು, ಹೂಳು ತೆಗೆದ ಕೆರೆ, ಎಲ್ಲವೂ ಇದೇ ಕೆಲಸ ಮಾಡುತ್ತವೆ. ಮಳೆಯ ಸಿಹಿ ನೀರು ನೆಲಕ್ಕೆ ಇಳಿದರೆ ಬೋರಿನ ನೀರು ಹೆಚ್ಚುತ್ತದೆ, ಸವುಳೂ ಕಡಿಮೆಯಾಗಬಹುದು. ಆಗ ಯಂತ್ರಕ್ಕೂ ನೀರು, ಊರಿಗೂ ನೀರು.

ಭೀಮಾ ನದಿ ಇದ್ದ ಅಫಜಲಪುರ, ಜೇವರ್ಗಿಯ ಊರುಗಳಿಗೂ ಈ ಮಾತು ಸಲ್ಲುತ್ತದೆ. ಮೇಲೆ ಮಹಾರಾಷ್ಟ್ರದಲ್ಲಿ ಮಳೆ ಕಡಿಮೆಯಾದ ವರ್ಷ ಭೀಮೆಯೂ ಸೊರಗುತ್ತಾಳೆ. ಸೊನ್ನ ಬ್ಯಾರೇಜಿನಲ್ಲಿ ಆಗಲಿ, ಆಳಂದದ ಅಮರ್ಜಾ ಡ್ಯಾಮಿನಲ್ಲಿ ಆಗಲಿ, ನಿಲ್ಲುವುದು ಮಳೆಯ ನೀರೇ.

ನೆನಪಿಡಿ

• ಬಟ್ಟೆಯಲ್ಲಿ ಸೋಸಿದರೆ, ಕುದಿಸಿದರೆ ಉಪ್ಪು ಮತ್ತು ಫ್ಲೋರೈಡ್ ಹೋಗುವುದಿಲ್ಲ.
• ಸಮುದ್ರದ ನೀರು ಸಿಹಿ ಮಾಡುವುದು ದಂಡೆಯ ಊರಿಗೆ ಸರಿ. ದೂರದ, ಎತ್ತರದ ಊರಿಗೆ ಖರ್ಚು ಹೆಚ್ಚು.
• ಯಂತ್ರ ಉಪ್ಪು ತೆಗೆಯುತ್ತದೆ, ನೀರು ಹುಟ್ಟಿಸುವುದಿಲ್ಲ.
• ಬರದ ಯೋಜನೆ ಮಳೆಯ ವರ್ಷವೇ ಆಗಬೇಕು.

ಕೂಡಿ ಚರ್ಚಿಸಿರಿ

1. ನಿಮ್ಮೂರಿನ ನೀರಿನ ಪರೀಕ್ಷೆ ಕೊನೆಗೆ ಯಾವಾಗ ಆಯಿತು? ಫಲಿತಾಂಶ ಯಾರ ಹತ್ತಿರ ಇದೆ?
2. ನಿಮ್ಮೂರಿನ ನೀರಿನ ಘಟಕ ನಡೆಯುತ್ತಿದೆಯೇ? ನಿಂತಿದ್ದರೆ ಯಾವ ಕಾರಣಕ್ಕೆ?
3. ನಿಮ್ಮ ಶಾಲೆಯ ಮಾಳಿಗೆ ಎಷ್ಟು ಚದರ ಮೀಟರ್ ಇದೆ? ಅಳೆದು, ಅದರ ಮೇಲೆ ಬೀಳುವ ಮಳೆಯ ಲೆಕ್ಕ ಮಾಡಿರಿ.
4. ಮೇಲಿನ ಆರು ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ನಿಮ್ಮ ಕೈಯಿಂದಲೇ ಬರೆಯಿರಿ. ಎಲ್ಲರೂ ಸಹಿ ಮಾಡಿರಿ. ಮುಂದಿನ ಗ್ರಾಮಸಭೆಯಲ್ಲಿ ಓದಿ ಹೇಳಿರಿ.